ಡಿಕ್ಕಿ ತುಂಬಿಸಿ ಅಳೆದ ಹೆಡರ್

ನನ್ನ ಅಂಗಡಿಯ ಮೇಜಿನ ಮೇಲೆ ಪೆನ್ನು ಹಾಕಿಡಲು ಒಂದು ಸ್ಟೀಲಿನ ಕೊಳವೆ ಇದೆ. ಅಂಗೈಯಷ್ಟು ಎತ್ತರ, ಬುಡದಲ್ಲಿ ಬಂಗಾರದ ಬಣ್ಣ, ಮೇಲೆ ಹೋದಂತೆ ನೀಲಿ, ಬಾಯಿಯ ಹತ್ತಿರ ನೇರಳೆ. ಸಾಗರದ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು ನಾನು. ಕಣ್ಣು ತೋರಿಸಲು ಬಂದವರು ಎದುರಿನ ಬೋರ್ಡಿನ ಅಕ್ಷರ ಓದುವ ಮೊದಲು ಇದನ್ನು ನೋಡುತ್ತಾರೆ, ಎತ್ತಿ ಹಿಡಿಯುತ್ತಾರೆ, "ಚಂದ ಇದೆ ಸಾರ್, ಎಲ್ಲಿ ತಗೊಂಡ್ರಿ?" ಎಂದು ಕೇಳುತ್ತಾರೆ. ಕಾರಿನ ಸೈಲೆನ್ಸರಿನ ತುಂಡು ಎಂದೊಡನೆ ಕೆಳಗಿಟ್ಟು ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ. ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಕಾರಿನ ಕೆಳಗಿದ್ದಾಗ ಅದು ನನಗೆ ಕೊಟ್ಟ ಬೇಸರದ ಮುಂದೆ ಇದೇನೂ ಅಲ್ಲ.

ನಿಜ ಹೇಳಬೇಕೆಂದರೆ ಅದು ಸೈಲೆನ್ಸರಿನ ತುಂಡಲ್ಲ, ಹೆಡರಿನ ತುಂಡು. ಹೆಡರ್ ಎಂದರೇನು ಎಂದು ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಆದರೂ ಹೇಳಿಬಿಡುತ್ತೇನೆ. ಇಂಜಿನ್ನಿನ ನಾಲ್ಕು ಸಿಲಿಂಡರಿನಿಂದ ಹೊಗೆ ಹೊರಬರುವ ಜಾಗದಲ್ಲಿ ಕಂಪನಿಯವರು ಬೀಡುಕಬ್ಬಿಣದ ಒಂದು ಗಡ್ಡೆ ಕೂರಿಸಿರುತ್ತಾರೆ. ಗಟ್ಟಿಮುಟ್ಟಾದ, ಯಾರ ತಂಟೆಗೂ ಹೋಗದ ವಸ್ತು. ಅದರೊಳಗೆ ನಾಲ್ಕೂ ಸಿಲಿಂಡರಿನ ಹೊಗೆ ಬಸ್ಸಿನ ಬಾಗಿಲಲ್ಲಿ ನುಗ್ಗುವ ಜನರ ಹಾಗೆ ಒಂದರ ಮೇಲೊಂದು ಬೀಳುತ್ತದೆ. ಆ ಗಡ್ಡೆಯನ್ನು ಕಿತ್ತು, ಒಂದೊಂದು ಸಿಲಿಂಡರಿಗೂ ಬೇರೆಬೇರೆ ಉದ್ದನೆಯ ಪೈಪು ಕೊಟ್ಟು, ಮುಂದೆಲ್ಲೋ ಸೇರಿಸಿದರೆ ಹೊಗೆ ಸಲೀಸಾಗಿ ಹೋಗುತ್ತದೆ, ಇಂಜಿನ್ನಿಗೆ ಉಸಿರು ಹಗುರಾಗುತ್ತದೆ. ಆ ಪೈಪುಗಳ ಗೊಂಚಲಿಗೆ ಹೆಡರ್ ಎಂದು ಹೆಸರು. ಇಷ್ಟಕ್ಕಾಗಿ ಬುದ್ಧಿ ಬಲಿತ ಗಂಡಸರು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಹೆಂಡತಿ ಶೈಲ ಮಾತ್ರ ಬಾನೆಟ್ಟಿನಿಂದ ಹಿಂದಿನ ಬಂಪರಿನವರೆಗೆ ಇರುವ ಎಲ್ಲವನ್ನೂ ಸೈಲೆನ್ಸರ್ ಎಂದೇ ಕರೆದು ಮುಗಿಸುತ್ತಾಳೆ.

ಈ ಹುಚ್ಚು ನನಗೆ ಹತ್ತಿದ್ದು ನನ್ನ ಅಕ್ಕನಿಂದ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ನಾವು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ರಸ್ತೆಯ ಒಂದು ಊರಿನಲ್ಲಿ. ಸಂಜೆ ಶಾಲೆ ಬಿಟ್ಟು ಬಂದವರು ರಸ್ತೆಯ ಮೋರಿಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡು ಬಸ್ಸಿನ ಸದ್ದು ಕೇಳುತ್ತಿದ್ದೆವು. ತಿರುವಿನಾಚೆ ಏರು. ಅಲ್ಲಿ ಏರುವ ಬಸ್ಸು ಯಾವುದು, ಓಡಿಸುತ್ತಿರುವವರು ಯಾರು ಎಂದು ಹೇಳಬೇಕು. ನಾನು ಬಾಯಿಗೆ ಬಂದ ಬಸ್ಸಿನ ಹೆಸರು ಹೇಳುತ್ತಿದ್ದೆ. ಅಕ್ಕ ತಲೆ ಓರೆ ಮಾಡಿ, "ತಡಿ, ಈಗ ಎರಡನೇ ಗೇರಿಗೆ ಹಾಕ್ದ. ಇದು ಗಡ್ಡದ ಡ್ರೈವರ್ದು. ಬೇರೆಯೋರಾದ್ರೆ ಇಲ್ಲಿ ಮೂರರಲ್ಲೇ ಎಳಿತಾರೆ" ಎನ್ನುತ್ತಿದ್ದಳು. ಬಸ್ಸು ತಿರುವು ದಾಟಿ ಬಂದರೆ ಗಡ್ಡವೇ ಕಾಣುತ್ತಿತ್ತು. ಸೋತವನು ಗೆದ್ದವರ ಪುಸ್ತಕದ ಚೀಲ ಹೊರಬೇಕೆಂದು ಕರಾರು. ನಾನು ಐದನೇ ಕ್ಲಾಸಿನವರೆಗೂ ಎರಡು ಚೀಲ ಹೊತ್ತೆ. ಇಂಥ ಕಿವಿಯ ಹುಡುಗಿಗೆ ಸ್ಟೇರಿಂಗ್ ಕೊಡಬೇಕೆಂದು ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಆಸೆ ಅವಳದ್ದು, ಕಾರು ನನ್ನದು ಎಂಬ ಲೆಕ್ಕಕ್ಕೆ ಬಂತು. ಅದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಕಾರು ಹಳೆಯದು, ಯಾರೋ ಓಡಿಸಿ ಬಿಟ್ಟದ್ದು, ಆದರೆ ಇಂಜಿನ್ ಮಾತ್ರ ಚುರುಕು. ನಾನು ಅದಕ್ಕೆ ಒಂದಿಂಚು ತಗ್ಗಿನ ಸ್ಪ್ರಿಂಗ್ ಹಾಕಿಸಿದೆ, ಅಗಲ ಟೈರು ಹಾಕಿಸಿದೆ, ಒಳ್ಳೆಯ ಏರ್ ಫಿಲ್ಟರ್ ಹಾಕಿಸಿದೆ. ನಲವತ್ತೆಂಟು ವರ್ಷದ, ಹೊಟ್ಟೆ ಬಂದ, ಚಾಳೀಸು ಹಾಕಿಕೊಂಡ ಮನುಷ್ಯನಿಗೆ ಯಾರ ಮೇಲೆ ಸ್ಪರ್ಧೆ ಎಂದು ಕೇಳಬೇಡಿ. ತಿಂಗಳಿಗೆ ಎರಡು ಭಾನುವಾರ ತೀರ್ಥಹಳ್ಳಿಯಲ್ಲಿ ಗೆಳೆಯನ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತೇನೆ. ಹೋಗುವುದು ಹೊಸನಗರದ ಮೇಲೆ. ಆ ದಾರಿಯಲ್ಲಿ ನನ್ನ ಎದುರಾಳಿಗಳು ಖಾಸಗಿ ಬಸ್ಸಿನವರು. ಅವರಿಗೆ ನಾನು ಎದುರಾಳಿ ಎಂಬುದೇ ಗೊತ್ತಿರಲಿಲ್ಲ, ಪಾಪ. ಏರಿನಲ್ಲಿ ಕೈಬೀಸಿ ಮುಂದೆ ಬಿಟ್ಟು, ಇಳಿಜಾರಿನಲ್ಲಿ ಮತ್ತೆ ಬೆನ್ನಿಗೆ ಬಂದು ಹಾರ್ನ್ ಹೊಡೆಯುತ್ತಿದ್ದರು.

ಹೀಗಿರುವಾಗ ಹೆಡರ್ ಬೇಕು ಎನಿಸಿತು. ಕಾರಿನ ಹುಚ್ಚರ ವಾಟ್ಸಾಪ್ ಗುಂಪೊಂದಿದೆ. ಅಲ್ಲಿ ಕೇಳಿದೆ. ಕೇಳಬಾರದಿತ್ತು. ಒಬ್ಬ ಸ್ಟೇನ್‌ಲೆಸ್ಸೇ ಆಗಬೇಕೆಂದ, ಇನ್ನೊಬ್ಬ ಮೈಲ್ಡ್ ಸ್ಟೀಲು ಸಾಕು, ಬಿರುಕು ಬಿಡುವುದಿಲ್ಲ ಎಂದ. ಪೈಪು ಒಂದೂವರೆ ಇಂಚಿಗಿಂತ ದಪ್ಪ ಇರಬೇಕು ಎಂದು ಒಬ್ಬ, ದಪ್ಪವಾದರೆ ಹೊಗೆಯ ವೇಗ ಸತ್ತುಹೋಗುತ್ತದೆ ಎಂದು ಮತ್ತೊಬ್ಬ. ಆದರೆ ದೊಡ್ಡ ಜಗಳ ಇದ್ದದ್ದು ಪೈಪುಗಳನ್ನು ಸೇರಿಸುವ ಕ್ರಮದ ಮೇಲೆ. ನಾಲ್ಕು ಪೈಪನ್ನೂ ಉದ್ದಕ್ಕೆ ತಂದು ಒಂದೇ ಕಡೆ ಸೇರಿಸುವುದು ಒಂದು ಬಗೆ, ಅದಕ್ಕೆ ನಾಲ್ಕು-ಒಂದು ಎನ್ನುತ್ತಾರೆ. ಮೊದಲು ಎರಡೆರಡನ್ನು ಜೋಡಿ ಮಾಡಿ, ಆಮೇಲೆ ಆ ಎರಡನ್ನು ಒಂದು ಮಾಡುವುದು ಇನ್ನೊಂದು ಬಗೆ, ಅದು ನಾಲ್ಕು-ಎರಡು-ಒಂದು. ಮೊದಲನೆಯದು ಇಂಜಿನ್ ಕಿರುಚುವಷ್ಟು ಓಡಿಸಿದಾಗ ಮಾತ್ರ ಬಲ ಕೊಡುತ್ತದೆ. ಎರಡನೆಯದು ಕೆಳಗಿನ ಓಟದಲ್ಲೇ, ಏರಿನಲ್ಲಿ, ತಿರುವಿನಿಂದ ಎದ್ದು ಬರುವಾಗ ಬಲ ಕೊಡುತ್ತದೆ.

ನನ್ನ ಕಸುಬಿನ ಮಾತಿನಲ್ಲಿ ಹೇಳಿದರೆ ನಾಲ್ಕು-ಒಂದು ದೂರ ನೋಡುವ ಕನ್ನಡಕ, ನಾಲ್ಕು-ಎರಡು-ಒಂದು ದೂರಕ್ಕೂ ಹತ್ತಿರಕ್ಕೂ ಆಗುವ ಬೈಫೋಕಲ್. ನನ್ನ ವಯಸ್ಸಿನವರು ಅಂಗಡಿಗೆ ಬಂದು ಬೈಫೋಕಲ್ ಬೇಡ, ಮುದುಕರ ಹಾಗೆ ಕಾಣುತ್ತೇವೆ ಎಂದು ಹಠ ಹಿಡಿಯುತ್ತಾರೆ. ನಾನು ಕುರ್ಚಿ ಹತ್ತಿರ ಎಳೆದುಕೊಂಡು, ದಿನವಿಡೀ ನೀವು ನೋಡುವುದು ಪೇಪರನ್ನೋ ಗುಡ್ಡವನ್ನೋ ಎಂದು ಕೇಳಿ ಒಪ್ಪಿಸುತ್ತೇನೆ. ಅದೇ ನಾನು, ಹೊಸನಗರದ ತಿರುವುಗಳಲ್ಲಿ ಮೂರನೇ ಗೇರು ದಾಟದ ನಾನು, ಗುಂಪಿನಲ್ಲಿ ಯಾರೋ ಹಾಕಿದ್ದ ವಿಡಿಯೋದ ಸದ್ದು ಕೇಳಿ ನಾಲ್ಕು-ಒಂದು ತರಿಸಿಕೊಂಡೆ.

ಅದನ್ನು ಕೂರಿಸಿದವನು ಮಂಜಪ್ಪ. ಸಾಗರದ ಹೊರಗೆ ಅವನದ್ದು ವೆಲ್ಡಿಂಗ್ ಶೆಡ್ಡು. ಅಡಿಕೆ ಸುಲಿಯುವ ಮೆಷಿನ್ನು, ಗೇಟು, ಕಿಟಕಿ ಸರಳು ಮಾಡುತ್ತಾನೆ. ಆರ್ಗಾನ್ ವೆಲ್ಡಿಂಗಿನಲ್ಲಿ ಅವನ ಕೈಗೆ ಸಮ ಯಾರೂ ಇಲ್ಲ. ಹೆಡರ್ ಬಿಚ್ಚಿ ನೋಡಿದವನೇ ಅದನ್ನು ಕಾರಿನಡಿ ಹಿಡಿದು, "ಸಾರ್, ಇದು ಬಾಳ ಕೆಳಗೆ ಬತ್ತದೆ. ನಾಲ್ಕೂ ಸೇರೋ ಗಂಟು ಐತಲ್ಲ, ಅದು ಹೊಟ್ಟೆ ಕೆಳಗೇ ನೇತಾಡ್ತದೆ" ಎಂದ.

ನಾನು ಅಂಗಡಿಯಿಂದ ವರ್ನಿಯರ್ ಸ್ಕೇಲ್ ತಂದಿದ್ದೆ. ಫ್ರೇಮಿನ ಮೂಗಿನ ಸೇತುವೆ ಅಳೆಯುವ ಸ್ಕೇಲ್ ಅದು. ಅದರಿಂದಲೂ ಒಂದು ಟೇಪಿನಿಂದಲೂ ನೆಲಕ್ಕೂ ಪೈಪಿಗೂ ನಡುವಿನ ಜಾಗ ಅಳೆದೆ. ಸಾಗರದ ಉಬ್ಬು, ಹೊಸನಗರದ ಉಬ್ಬು, ಅಕ್ಕನ ಮನೆಯ ಗೇಟಿನ ಕಲ್ಲು, ಎಲ್ಲದರ ಎತ್ತರ ಬರೆದಿಟ್ಟುಕೊಂಡಿದ್ದೆ. "ಬೇಕಾದಷ್ಟು ಜಾಗ ಇದೆ, ಹಾಕು ಮಾರಾಯ" ಎಂದೆ. ಮಂಜಪ್ಪ ನನ್ನ ಕಾಗದವನ್ನು ನೋಡಿ, "ಅಳತೆ ಸರಿ ಐತೆ ಸಾರ್" ಎಂದ. ಸರಿಯಿತ್ತು, ಖಾಲಿ ಕಾರಿಗೆ.

ಮುಂದಿನ ಭಾನುವಾರ ತೀರ್ಥಹಳ್ಳಿಗೆ ಹೋದೆ. ಹಿಂದಿನ ಸೈಲೆನ್ಸರ್ ಕಂಪನಿಯದ್ದೇ ಉಳಿಸಿದ್ದರಿಂದ ಸದ್ದು ಊರಿಗೆ ಕೇಳುವಂತಿರಲಿಲ್ಲ, ನನಗೆ ಕೇಳುವಷ್ಟಿತ್ತು. ಖುಷಿಯಲ್ಲಿ ನಾಲ್ವರ ಕನ್ನಡಕದ ನಂಬರು ತಪ್ಪಾಗಿ ಬರೆಯುವುದರಲ್ಲಿದ್ದೆ, ಗೆಳೆಯ ಹಿಡಿದು ಹಾಕಿದ. ಬರುವಾಗ ಎಂದಿನಂತೆ ಅಕ್ಕನ ಮನೆಗೆ ಹೋದೆ. ಅಕ್ಕನನ್ನು ಕೊಟ್ಟದ್ದು ಹೊಸನಗರದ ಈಚೆ, ದಾರಿಯಿಂದ ಒಂದು ಫರ್ಲಾಂಗು ಒಳಗೆ. ಹಿಂದೆ ಬಿದಿರಿನ ದಣಪೆ ಇದ್ದ ಜಾಗದಲ್ಲಿ ಈಗ ಕಬ್ಬಿಣದ ಗೇಟು, ಆದರೆ ಮಳೆನೀರು ಅಂಗಳಕ್ಕೆ ನುಗ್ಗದಂತೆ ಅಡ್ಡಕ್ಕೆ ಹಾಸಿದ ಕಲ್ಲು ಹಾಗೇ ಇದೆ. ಕಾರು ಕಲ್ಲು ದಾಟಿ ಒಳಗೆ ಬಂತು, ಎಲ್ಲೂ ತಾಗಲಿಲ್ಲ.

ಅಕ್ಕ ಅಂಗಳಕ್ಕೆ ಬಂದಳು. "ಎಂಥ ಮಾಡ್ಸಿದೀಯೋ ಇದಕ್ಕೆ?"

"ನಿಂಗೆ ಹೆಂಗೆ ಗೊತ್ತಾಯ್ತು?"

"ಏರು ಹತ್ತೋವಾಗಲೇ ಕೇಳ್ತು. ಮೇಲೆ ಚಂದ ಕೂಗ್ತದೆ. ಕೆಳಗೆ ದಮ್ಮೇ ಇಲ್ವಲ್ಲ. ಮೊದ್ಲು ಮೂರರಲ್ಲಿ ಬರ್ತಿದ್ದೋನು ಇವತ್ತು ಎರಡಕ್ಕೆ ಹಾಕ್ದೆ."

ವಾಟ್ಸಾಪ್ ಗುಂಪಿನ ಇನ್ನೂರು ಜನ ಎರಡು ತಿಂಗಳು ಕಚ್ಚಾಡಿದ ವಿಷಯವನ್ನು ಅವಳು ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡು ಮುಗಿಸಿದಳು. ನಾನು ನಕ್ಕೆ. ಒಳಗೆ ಸ್ವಲ್ಪ ಉರಿಯಿತು ಎಂಬುದನ್ನೂ ಹೇಳಿಬಿಡುತ್ತೇನೆ.

ಹೊರಡುವ ಹೊತ್ತಿಗೆ ಡಿಕ್ಕಿ ತುಂಬುವ ಕಾರ್ಯಕ್ರಮ. ನಮ್ಮ ಕಡೆಯ ಮನೆಗಳಿಂದ ಕಾರು ಖಾಲಿ ಹೋಗುವುದಿಲ್ಲ, ಅದು ನಿಮಗೂ ಗೊತ್ತು. ಒಂದು ಬಾಳೆಗೊನೆ, ಹತ್ತಿಪ್ಪತ್ತು ತೆಂಗಿನಕಾಯಿ, ಒಂದು ಮೂಟೆ ಅಕ್ಕಿ, ಹಪ್ಪಳದ ಡಬ್ಬ, ಮಿಡಿ ಉಪ್ಪಿನಕಾಯಿಯ ಭರಣಿ, ಅಕ್ಕ ತಾನೇ ಬೆಳೆದ ಮಗೆಕಾಯಿ, ಅಂದರೆ ಸಾಂಬಾರಿನ ಸೌತೆ. ಇದಕ್ಕೊಂದು ಕ್ರಮ ಇದೆ. ತೆಗೆದುಕೊಳ್ಳುವವರು ಬೇಡ ಬೇಡ ಎನ್ನುತ್ತಿರಬೇಕು, ಕೊಡುವವರು ಕೇಳಿಸದವರಂತೆ ತುಂಬುತ್ತಿರಬೇಕು. ಬೇಡ ಎನ್ನದಿದ್ದರೆ ಆಸೆಬುರುಕ ಎನ್ನುತ್ತಾರೆ. ಬೇಡ ಎಂದದ್ದನ್ನು ನಂಬಿ ನಿಲ್ಲಿಸಿದರೆ ಕೊಡುವವರ ಮಾನ ಹೋಗುತ್ತದೆ. ನಮ್ಮ ಅಮ್ಮ ಹೀಗೇ ತುಂಬುತ್ತಿದ್ದಳು, ಅಮ್ಮ ಹೋದ ಮೇಲೆ ಆ ಕೆಲಸ ಅಕ್ಕನ ಕೈಗೆ ಬಂತು. ಹದಿನೈದು ವರ್ಷದಿಂದ ನಾನು ಬೇಡ ಎನ್ನುತ್ತಿದ್ದೇನೆ, ಅವಳು ತುಂಬುತ್ತಿದ್ದಾಳೆ.

ಆವತ್ತೂ ತುಂಬಿದಳು. ಕಾರು ಗೇಟಿನ ಕಲ್ಲು ದಾಟುವಾಗ ಅಡಿಯಿಂದ ಕರ್ರೆಂದು ಒಂದು ಸದ್ದು ಬಂತು ನೋಡಿ, ನನ್ನ ಹಲ್ಲೆಲ್ಲ ಜುಮ್ಮೆಂದಿತು. ದಾರಿಯುದ್ದಕ್ಕೂ ಒಂದೊಂದು ಉಬ್ಬಿನಲ್ಲೂ ಅದೇ ಸದ್ದು. ಸಾಗರಕ್ಕೆ ಬಂದು ಬಗ್ಗಿ ನೋಡಿದರೆ ಹೊಸ ಹೆಡರಿನ ಗಂಟಿಗೆ ಉದ್ದಕ್ಕೆ ಗೀರು ಬಿದ್ದಿತ್ತು. ಕಣ್ಣಿನ ನಂಬರನ್ನು ಕಾಲು ಕಾಲಾಗಿ ಅಳೆಯುವ ನಾನು ಡಿಕ್ಕಿಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಈ ಊರಿನ ಕಾರಿಗೆ ಖಾಲಿ ಡಿಕ್ಕಿಯ ಅಳತೆ ತೆಗೆದುಕೊಂಡವನು ನಾನೊಬ್ಬನೇ ಇರಬೇಕು.

ಮುಂದಿನ ಸಲ ಅಕ್ಕ ಗೊನೆ ಹೊತ್ತು ತರುವಷ್ಟರಲ್ಲಿ ನಾನು ಡಿಕ್ಕಿಗೆ ಬೀಗ ಹಾಕಿ ಸ್ಟೇರಿಂಗಿನ ಮುಂದೆ ಕೂತಿದ್ದೆ. "ಬೇಡ ಅಕ್ಕ" ಎಂದೆ. "ಆಯ್ತಾಯ್ತು, ತೆಗಿ" ಎಂದಳು. "ಅಲ್ಲ, ನಿಜವಾಗ್ಲೂ ಬೇಡ. ಕಾರಿನಡಿ ತಾಗ್ತದೆ." ಅಕ್ಕ ಗೊನೆಯನ್ನು ಎದೆಗೆ ಒರಗಿಸಿಕೊಂಡು ನಿಂತಳು. ಅವಳ ಮುಖ ನೋಡಿಯೂ ನಾನು ಹೊರಟುಬಿಟ್ಟೆ. ಅದರ ಮುಂದಿನ ಸಲ ಒಂದು ಮಗೆಕಾಯಿ ಮಾತ್ರ ತಂದಳು. ಅದನ್ನೂ ಬೇಡ ಎಂದೆ. ಇದೊಂದನ್ನು ತೆಗೆದುಕೊಂಡರೆ ಮುಂದಿನ ಸಲ ಹತ್ತಾಗುತ್ತದೆ ಎಂಬುದು ನನ್ನ ಜಾಣತನ. ಮೂರನೆಯ ಸಲ ಅವಳು ಏನನ್ನೂ ತರಲಿಲ್ಲ. ಗೇಟಿನವರೆಗೆ ಬರಲೂ ಇಲ್ಲ. ಜಗುಲಿಯಲ್ಲೇ ನಿಂತು, "ಹುಷಾರಾಗಿ ಹೋಗು" ಎಂದಳು.

ಗೇಟು ತೆಗೆಯಲು ಬಂದ ಭಾವ ಕಿಟಕಿಗೆ ಬಗ್ಗಿ, ಅಕ್ಕನಿಗೆ ಕೇಳದಂತೆ ಹೇಳಿದರು. "ಈ ವರ್ಷ ಮಗೆ ಬೀಜ ಹಾಕದು ಬೇಡ ಅಂದ್ಲು ಮಾರಾಯ. ಯಾರಿಗೆ ಅಂತ ಬೆಳೀಲಿ ಅಂದ್ಲು."

ಕಾರು ಕಲ್ಲನ್ನು ಸದ್ದಿಲ್ಲದೆ ದಾಟಿತು. ಸಾಗರ ಮುಟ್ಟುವವರೆಗೂ ಹೆಡರಿನ ಸದ್ದು ನನ್ನ ಕಿವಿಗೆ ಬೀಳಲಿಲ್ಲ. ಮನೆಗೆ ಬಂದಾಗ ಶೈಲ ಎಂದಿನಂತೆ ಡಿಕ್ಕಿ ತೆಗೆದಳು. ಒಳಗೆ ಸ್ಟೆಪ್ನಿ ಮಾತ್ರ ಇತ್ತು. ನಾನು ನಡೆದದ್ದೆಲ್ಲ ಹೇಳಿದೆ. ಅವಳು ಡಿಕ್ಕಿ ಮುಚ್ಚಿ, "ಸೈಲೆನ್ಸರಿಗೋಸ್ಕರ ಅಕ್ಕನ್ನ ಕಳ್ಕೊಳ್ತೀರಿ ನೀವು" ಎಂದಳು. ಶೈಲ ಜಗಳವಾಡಿದ್ದರೆ ನಾನೂ ಆಡುತ್ತಿದ್ದೆ. ಅವಳು ಸುಮ್ಮನೆ ಒಳಗೆ ಹೋದಳು. ನನಗೆ ಹೆದರಿಕೆಯಾಯಿತು. ಅಪ್ಪ, ಅಮ್ಮ ಇಬ್ಬರೂ ಇಲ್ಲದ ಮೇಲೆ ನನ್ನನ್ನು ಬೈಯುವ ಹಕ್ಕು, ತಿನ್ನಿಸುವ ಹಕ್ಕು ಉಳಿದಿರುವುದು ಅಕ್ಕನೊಬ್ಬಳಿಗೆ. ಅದನ್ನು ನಾನೇ ಬಾಗಿಲು ಹಾಕಿ ತಡೆದಿದ್ದೆ.

ಮರುದಿನ ಅಂಗಡಿ ತೆರೆಯುವ ಮೊದಲೇ ಮಂಜಪ್ಪನ ಶೆಡ್ಡಿಗೆ ಹೋದೆ. ಇದನ್ನು ಕಿತ್ತು ಬೇರೆ ಮಾಡಿಕೊಡು ಎಂದೆ. ಹಳೆಯ ಬೀಡುಕಬ್ಬಿಣವನ್ನೇ ಹಾಕಿಬಿಡಲಾ ಎಂದು ಕೇಳಿದ. ಇಲ್ಲವೆನ್ನಲು ನನಗೆ ಒಂದು ಕ್ಷಣ ಬೇಕಾಯಿತು. ಆಸೆ ಅಷ್ಟು ಸುಲಭವಾಗಿ ಸಾಯುವುದಿಲ್ಲ. "ಹೆಡರೇ ಇರಲಿ, ಆದರೆ ನಾಲ್ಕು-ಎರಡು-ಒಂದು. ಮತ್ತೆ ಡಿಕ್ಕಿ ತುಂಬಿಸಿ ಅಳತೆ ತಗೋಬೇಕು" ಎಂದೆ.

"ಎಂತ ತುಂಬೋದು ಸಾರ್?"

ಶೈಲ ಹೇಳಿ ಬರೆಸಿದ ಪಟ್ಟಿ ನನ್ನ ಜೇಬಿನಲ್ಲಿತ್ತು. ಅಕ್ಕ ಇದುವರೆಗೆ ಒಂದೇ ಸಲಕ್ಕೆ ಕೊಟ್ಟದ್ದರಲ್ಲಿ ಅತಿ ಹೆಚ್ಚು ಎಂದರೆ ಎಷ್ಟು ಎಂಬುದರ ಪಟ್ಟಿ ಅದು. ಮಂಜಪ್ಪ ಓದಿ, "ಇದು ಕಾರಾ ಸಾರ್, ಲಗೇಜ್ ಗಾಡಿನಾ?" ಎಂದ. ಅಡಿಕೆ ಮೆಷಿನ್ನಿನ ಎರಡು ಮೋಟಾರು, ಒಂದು ಮೂಟೆ ಸಿಮೆಂಟು, ಒಂದು ಕಬ್ಬಿಣದ ಹಲಗೆ ಡಿಕ್ಕಿಗೆ ಹಾಕಿದ. ಕಾರಿನ ಹಿಂಭಾಗ ಕುಸಿಯಿತು. ಅದರಡಿ ನಾವಿಬ್ಬರೂ ಅಂಗಾತ ಮಲಗಿ ಒಂದೊಂದು ಬೆರಳಿನ ಜಾಗಕ್ಕೂ ಚರ್ಚೆ ಮಾಡಿದೆವು. ಒಂದನೆಯ ಸಿಲಿಂಡರಿಗೆ ನಾಲ್ಕನೆಯದು, ಎರಡನೆಯದಕ್ಕೆ ಮೂರನೆಯದು ಜೋಡಿ. ಆ ಜೋಡಿಗಳು ಇಂಜಿನ್ನಿನ ಮಗ್ಗುಲಲ್ಲೇ ಸೇರಬೇಕು. ಅಲ್ಲಿಂದ ಎರಡು ಪೈಪು ಗೇರ್‌ಬಾಕ್ಸಿನ ಪಕ್ಕ ಮೇಲಕ್ಕೆ ಒತ್ತಿಕೊಂಡು ಹೋಗಿ ಒಂದಾಗಬೇಕು. ಹೊಟ್ಟೆಯ ಕೆಳಗೆ ಗಂಟು ಇರಕೂಡದು. ಹೊಗೆ ಪರೀಕ್ಷೆಯವರು ತಕರಾರು ತೆಗೆಯದಂತೆ ಮುಂದಿನದ್ದೆಲ್ಲ ಕಂಪನಿಯದ್ದೇ. ಮಂಜಪ್ಪ ಮೂರು ವಾರ ತೆಗೆದುಕೊಂಡ. ಹಳೆಯ ಹೆಡರನ್ನು ಕತ್ತರಿಸಿ ಪೈಪು ಉಪಯೋಗಿಸಿದ, ಉಳಿದ ಒಂದು ತುಂಡನ್ನು ನನ್ನ ಕೈಗಿಟ್ಟ.

ಹೊಸ ಹೆಡರಿನಲ್ಲಿ ಆ ಮೇಲಿನ ಕೂಗು ಹೋಯಿತು. ವಾಟ್ಸಾಪ್ ಗುಂಪಿನಲ್ಲಿ ಹಾಕಿಕೊಳ್ಳುವಂಥ ಸದ್ದಲ್ಲ. ಆದರೆ ಏರಿನಲ್ಲಿ ಕಾಲಿಟ್ಟರೆ ಸಾಕು, ಕಾರು ತಾನೇ ಎಳೆದುಕೊಂಡು ಹೋಗುತ್ತಿತ್ತು. ಅಕ್ಕನ ಮನೆಯ ಏರನ್ನು ಮೂರನೇ ಗೇರಿನಲ್ಲೇ ಹತ್ತಿದೆ.

ಅಕ್ಕ ಕಾಫಿ ಕೊಟ್ಟಳು, ಕೊಟ್ಟೆಕಡುಬು ಬಡಿಸಿದಳು, ಶೈಲಳನ್ನು ವಿಚಾರಿಸಿದಳು. ಎಲ್ಲವೂ ಸರಿಯಾಗಿತ್ತು, ನೆಂಟರ ಮನೆಯಲ್ಲಿ ಇರುವಷ್ಟು ಸರಿ. ಹೊರಡುವಾಗ ಜಗುಲಿಯಲ್ಲೇ ನಿಂತಳು. ನಾನು ಹೋಗಿ ಡಿಕ್ಕಿ ತೆಗೆದು ನಿಂತೆ. ಹುಟ್ಟಿದಾಗಿನಿಂದ ಅವಳ ಬಳಿ ಏನನ್ನೂ ಕೇಳಿದವನಲ್ಲ, ಕೇಳುವ ಅಗತ್ಯವೇ ಬಿದ್ದಿರಲಿಲ್ಲ.

"ಅಕ್ಕ, ಮಗೆಕಾಯಿ ಉಂಟಾ?"

"ಹಳೇದು ನಾಲ್ಕು ಇದಾವೆ, ಅಟ್ಟದಡಿ ಕಟ್ಟಿಟ್ಟಿದ್ದು. ಎಂತಕ್ಕೆ?"

"ನಂಗೆ ಬೇಕು. ಅಕ್ಕಿನೂ ಬೇಕು. ಹಪ್ಪಳ ಖಾಲಿಯಾಗಿದೆ."

ಅವಳು ತೆರೆದ ಡಿಕ್ಕಿಯನ್ನು ನೋಡಿದಳು. "ಕಾರಿನಡಿ ತಾಗ್ತದೆ ಅಂದಿದ್ದೆಯಲ್ಲ?"

"ಅದನ್ನ ಕಿತ್ತು ಹಾಕ್ಸಿದೆ. ನೀನು ಕೊಡೋದು ಹಿಡಿಯೋ ಹಾಗೆ ಬೇರೆ ಮಾಡ್ಸಿದೆ."

ಅಕ್ಕ ಜಗುಲಿಯ ಮೆಟ್ಟಿಲ ಮೇಲೆ ಕೂತಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮರೆಮಾಡಲಿಲ್ಲ. "ನಾ ಎಂಥ ಅಂದ್ಕೊಂಡಿದ್ದೆ ಗೊತ್ತಾ? ಇವ್ನಿಗೆ ಪೇಟೆಯಲ್ಲಿ ಎಲ್ಲಾ ಸಿಗ್ತದೆ, ಇನ್ನು ನನ್ನದು ಬೇಡ, ನಾನೂ ಬೇಡ ಅಂತ. ಬಾಯಿಬಿಟ್ಟು ಹೇಳದಾದ್ರೂ ಯಾರಿಗೆ?"

"ನಂಗೆ ಬುದ್ಧಿ ಇರ್ಲಿಲ್ಲ ಅಕ್ಕ."

"ಅದು ನಂಗೆ ಮೊದ್ಲಿಂದ ಗೊತ್ತು" ಎಂದು ಎದ್ದು ಒಳಗೆ ಹೋದಳು. ಭಾವನನ್ನು ಕರೆದಳು, ಅಟ್ಟಕ್ಕೆ ಏಣಿ ಹಾಕಿಸಿದಳು. ಬಾಳೆಯ ನಾರಿನಲ್ಲಿ ಕಟ್ಟಿದ್ದ ಮಗೆಕಾಯಿ ನಾಲ್ಕೂ ಬಂದವು. ಅಕ್ಕಿ ಮೂಟೆ ಬಂತು, ಕಾಯಿ ಬಂತು, ಹಪ್ಪಳ, ಭರಣಿ, ಒಂದು ಗೊನೆ. ಎರಡು ತಿಂಗಳು ಕೊಡದೆ ಉಳಿಸಿದ್ದೆಲ್ಲ ಒಂದೇ ಸಲಕ್ಕೆ ಬಂದು ಬೀಳುತ್ತಿದೆ ಎಂದು ಗೊತ್ತಾಯಿತು. ಶೈಲ ಬರೆಸಿದ ಪಟ್ಟಿ ಅರ್ಧದಲ್ಲೇ ಮುಗಿದುಹೋಗಿತ್ತು. ನನಗೆ ಕಲ್ಲಿನ ಹೆದರಿಕೆ ಶುರುವಾಯಿತು. ಈಗಲೂ ತಾಗಿದರೆ ಏನು ಹೇಳಲಿ ಇವಳಿಗೆ?

ಅಕ್ಕನೇ ಮುಂದೆ ಹೋಗಿ ಗೇಟು ತೆಗೆದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲಿನ ಮೇಲೆ ಕೈಯಿಟ್ಟು ಬಗ್ಗಿ, ಕಾರಿನಡಿ ಕಣ್ಣಿಟ್ಟು ಕೈಸನ್ನೆ ಮಾಡಿದಳು. "ಬಾ. ಇನ್ನೂ ಬಾ. ನಿಧಾನ." ಮುಂದಿನ ಗಾಲಿ ಕಲ್ಲು ಹತ್ತಿ ಇಳಿಯಿತು. ನಾನು ಕಿಟಕಿ ಇಳಿಸಿ, ಕಿವಿಗೊಟ್ಟು ಕೂತಿದ್ದೆ. ಹೊಟ್ಟೆ ದಾಟಿತು. ಹಿಂದಿನ ಗಾಲಿ ಹತ್ತಿ ಇಳಿಯಿತು. ಯಾವ ಸದ್ದೂ ಇಲ್ಲ.

"ಎಷ್ಟು ಜಾಗ ಇತ್ತು ಅಕ್ಕ?"

"ಎರಡು ಬೆರಳು."

ನನಗೆ ಜೀವ ಬಂದಂತಾಯಿತು. ಇನ್ನು ಈ ಕಲ್ಲಿಗೆ, ಈ ಮನೆಗೆ, ಇವಳಿಗೆ ಹೆದರಬೇಕಾಗಿಲ್ಲ ಎಂದು ಸೀಟಿಗೆ ಒರಗಿದೆ.

ಅಕ್ಕ ಸೊಂಟ ಹಿಡಿದು ನೆಟ್ಟಗಾದಳು. "ಎರಡು ಬೆರಳು ಇದ್ರೆ ಇನ್ನೊಂದು ಗೊನೆ ಹಿಡಿತದೆ. ಆಫ್ ಮಾಡು ಇಂಜಿನ್ನು" ಎಂದವಳೇ ಮನೆಯ ಕಡೆ ಬಿರಬಿರನೆ ನಡೆದಳು.

"ಬೇಡ ಅಕ್ಕ, ಬೇಡ" ಎಂದು ಕೂಗಿದೆ. ಅವಳು ತಿರುಗಿಯೂ ನೋಡಲಿಲ್ಲ.